ವಿಕಿಸೋರ್ಸ್ ಪುಸ್ತಕಗಳಲ್ಲಿ ಚಿತ್ರ ಜೋಡಣೆ

ಮುದ್ರಿತ ಪುಸ್ತಕವನ್ನು ವಿಕಿಸೋರ್ಸ್‌ನಲ್ಲಿ ಪಠ್ಯರೂಪಕ್ಕೆ ತರುವಾಗ, ಅದರ ಚಿತ್ರ, ನಕ್ಷೆ, ಛಾಯಾಚಿತ್ರಗಳನ್ನು ಬೇರ್ಪಡಿಸಿ ಮತ್ತೆ ಅವುಗಳ ಜಾಗದಲ್ಲೇ ಕೂರಿಸುವ ಕೆಲಸ. 2003ರ ನವೆಂಬರ್‌ನಲ್ಲಿ ಆರಂಭವಾದ ವಿಕಿಸೋರ್ಸ್ ಯಾರು ಬೇಕಾದರೂ ತಿದ್ದಬಹುದಾದ ಮುಕ್ತ ಗ್ರಂಥಾಲಯ. ಕನ್ನಡಕ್ಕೂ ತೆಲುಗಿಗೂ ಅದರಲ್ಲಿ ಸ್ವಂತ ತಾಣಗಳಿವೆ.

ಅಲ್ಲಿ ಪುಟವನ್ನು ತಿದ್ದಲು ತೆರೆದರೆ ಒಂದು ಬದಿಗೆ ಸ್ಕ್ಯಾನ್, ಇನ್ನೊಂದು ಬದಿಗೆ ಅಕ್ಷರ ಕಾಣುತ್ತದೆ. ಸ್ಕ್ಯಾನ್‌ನಿಂದ ಅಕ್ಷರಗಳನ್ನು ಗುರುತಿಸುವ ತಂತ್ರಾಂಶವಾದ ಒಸಿಆರ್‌ಗೆ ಗೊತ್ತಾಗುವುದು ಅಕ್ಷರ ಮಾತ್ರ. ರೇಖಾಚಿತ್ರ ಎದುರಾದರೆ ಅದರ ಗೆರೆಗಳನ್ನೂ ಅಕ್ಷರವೆಂದೇ ಓದಿ, ಅರ್ಥವಿಲ್ಲದ ಸೊನ್ನೆ, ಕೊಂಬು, ಒತ್ತುಗಳನ್ನು ಸುರಿಯುತ್ತದೆ. ತಿದ್ದುವವರು ಆ ಕಸವನ್ನು ಅಳಿಸಿ ಮುಂದೆ ಹೋದರೆ ಅಲ್ಲೊಂದು ಚಿತ್ರವಿತ್ತು ಎಂಬುದೇ ಓದುಗರಿಗೆ ತಿಳಿಯುವುದಿಲ್ಲ. ಚಿತ್ರವೂ ಪಠ್ಯದ ಭಾಗವೇ ಆದ್ದರಿಂದ ಅದಿಲ್ಲದ ಪುಟವನ್ನು ‘ಸಮಸ್ಯಾತ್ಮಕ’ ಎಂದು ಗುರುತಿಸಿಡುವುದು ಸರಿಯಾದ ಕ್ರಮ.

ಭಾರತೀಯ ಭಾಷೆಗಳ ಹಳೆಯ ಪುಸ್ತಕಗಳ ಸ್ಕ್ಯಾನ್‌ಗಳಿಗೆ ದೊಡ್ಡ ಆಕರ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ. ಕಂಪ್ಯೂಟರ್ ವಿಜ್ಞಾನಿ ರಾಜ್ ರೆಡ್ಡಿ ಅವರ ಮಿಲಿಯನ್ ಬುಕ್ ಯೋಜನೆಯ ಜೊತೆ ಬೆಳೆದ ಇದಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಹೈದರಾಬಾದಿನ ಗಚ್ಚಿಬೌಲಿಯಲ್ಲಿರುವ ಐಐಐಟಿ ಮುಖ್ಯ ನೆಲೆಗಳಾಗಿದ್ದವು. ಕಾರ್ಲ್ ಮಾಲಮುಡ್ ಅವರ ಪಬ್ಲಿಕ್ ರಿಸೋರ್ಸ್ ಸಂಸ್ಥೆ ಈ ಸ್ಕ್ಯಾನ್‌ಗಳ ಪ್ರತಿಗಳನ್ನು ಇಂಟರ್ನೆಟ್ ಆರ್ಕೈವ್‌ಗೆ ಏರಿಸಿತು. ಡಿಜಿಟಲ್ ಲೈಬ್ರರಿಯಲ್ಲಿ ಪುಟಗಳನ್ನು ಇಂಚಿಗೆ 600 ಚುಕ್ಕಿಗಳಂತೆ ಸ್ಕ್ಯಾನ್ ಮಾಡಿ, ಬೂದು ಛಾಯೆಯೇ ಇಲ್ಲದ ಶುದ್ಧ ಕಪ್ಪು-ಬಿಳುಪಿನಲ್ಲಿ ಉಳಿಸುವುದು ರೂಢಿಯಾಗಿತ್ತು. ಕಡತ ಹಗುರಾಯಿತು, ಅಕ್ಷರ ಚೂಪಾಯಿತು. ಪೆಟ್ಟು ಬಿದ್ದದ್ದು ಛಾಯಾಚಿತ್ರಗಳಿಗೆ. ಅಚ್ಚಿನಲ್ಲಿ ಫೋಟೋ ಮೂಡುವುದು ಸಣ್ಣ ದೊಡ್ಡ ಚುಕ್ಕಿಗಳಿಂದ. ಅವು ಒಂದಕ್ಕೊಂದು ಅಂಟಿಕೊಂಡು ಮುಖವಿದ್ದಲ್ಲಿ ಮಸಿಯ ತೇಪೆ ಉಳಿಯುತ್ತದೆ. ರೇಖಾಚಿತ್ರ, ಮರದಚ್ಚಿನ ಚಿತ್ರಗಳು ಮಾತ್ರ ಬಹುಮಟ್ಟಿಗೆ ಬಚಾವಾಗುತ್ತವೆ. ಹೋದ ಛಾಯೆಯನ್ನು ಯಾವ ತಂತ್ರಾಂಶವೂ ಮರಳಿಸಲಾರದು; ಗ್ರಂಥಾಲಯದಲ್ಲಿ ಅಚ್ಚಿನ ಪ್ರತಿಯನ್ನು ಹುಡುಕಿ, ಆ ಪುಟವನ್ನಷ್ಟೇ ಬಣ್ಣದಲ್ಲಿ ಮತ್ತೆ ಸ್ಕ್ಯಾನ್ ಮಾಡುವುದೊಂದೇ ದಾರಿ.

ಸ್ಕ್ಯಾನ್‌ನಿಂದ ಕತ್ತರಿಸಿದ ಚಿತ್ರವನ್ನು ಮುಕ್ತ ಮಾಧ್ಯಮ ಕಡತಗಳ ಭಂಡಾರವಾದ ವಿಕಿಮೀಡಿಯ ಕಾಮನ್ಸ್‌ಗೆ ಏರಿಸುತ್ತಾರೆ. ರೇಖಾಚಿತ್ರಕ್ಕೆ ಪಿಎನ್‌ಜಿ, ಛಾಯಾಚಿತ್ರಕ್ಕೆ ಜೆಪೆಗ್ ಒಗ್ಗುತ್ತದೆ. ಬಳಿಕ ಪುಟದಲ್ಲಿ ಜೋಡಿ ಚೌಕಾವರಣದೊಳಗೆ ‘ಚಿತ್ರ:’ ಎಂದು ಬರೆದು ಕಡತದ ಹೆಸರು, ಅಗಲ, ಸ್ಥಾನ ಸೂಚಿಸಿದರೆ ಚಿತ್ರ ಮೂಡುತ್ತದೆ. ಅಡಿಬರಹವನ್ನು ಚಿತ್ರದೊಳಗೇ ಬಿಡದೆ ಪಠ್ಯವಾಗಿ ಟೈಪಿಸಬೇಕು. ಹಾಗೆ ಮಾಡದಿದ್ದರೆ ಅದು ಹುಡುಕಾಟಕ್ಕೂ ಸಿಗದು, ಪರದೆಯ ಪಠ್ಯವನ್ನು ಓದಿ ಹೇಳುವ ತಂತ್ರಾಂಶ ಬಳಸುವ ದೃಷ್ಟಿಹೀನರಿಗೂ ದಕ್ಕದು. ಇಡೀ ಪುಟದ ಚಿತ್ರವೊಂದು ವಾಕ್ಯದ ನಡುವೆ ಬಂದಿದ್ದರೆ, ಅಧ್ಯಾಯವನ್ನು ಒಟ್ಟುಗೂಡಿಸುವಾಗ ಅದನ್ನು ಪ್ಯಾರಾದ ಕೊನೆಗೆ ಸರಿಸುವುದುಂಟು.

ಹಕ್ಕುಸ್ವಾಮ್ಯವನ್ನು ಬೇರೆಯಾಗಿಯೇ ನೋಡಬೇಕು. ಭಾರತದ 1957ರ ಕಾಯ್ದೆಯಂತೆ ಹಕ್ಕು ಉಳಿಯುವುದು ಕರ್ತೃವಿನ ನಿಧನಾನಂತರ 60 ವರ್ಷ. ಲೇಖಕರಿಗೂ ಚಿತ್ರಕಾರರಿಗೂ ಈ ಲೆಕ್ಕ ಬೇರೆಬೇರೆ. ಬರಹ ಮುಕ್ತವಾಗಿದ್ದು ಚಿತ್ರ ಮುಕ್ತವಾಗಿಲ್ಲದಿದ್ದರೆ ಕಾಮನ್ಸ್‌ಗೆ ಏರಿಸುವಂತಿಲ್ಲ. ಚಿತ್ರವಿರುವ ಪುಟ ಸೇರಿದ ಸ್ಕ್ಯಾನ್ ಕಡತಕ್ಕೂ ಇದೇ ತೊಡಕು.