ಬಳ್ಳಿಗಾವಿಯ ಓಜರು: ಅಪ್ಪನ ಹೆಸರು, ಮಗನ ಹೆಸರು



ಶಿಕಾರಿಪುರ ತಾಲ್ಲೂಕಿನ ಶಿರಾಳಕೊಪ್ಪದ ಬಳಿ ಬಳ್ಳಿಗಾವಿ ಎಂಬ ಊರಿದೆ. ಇಂದು ನೋಡಿದರೆ ಹೊಲ, ಕೆರೆ, ಹೆಂಚಿನ ಮನೆಗಳ ಹಳ್ಳಿ. ಆದರೆ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಇದು ಬನವಾಸಿ ಹನ್ನೆರಡು ಸಾವಿರ ನಾಡಿನ ರಾಜಧಾನಿಯಾಗಿತ್ತು. ಇಲ್ಲಿನ ಕೋಡಿಯ ಮಠದಲ್ಲಿ ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುತ್ತಿತ್ತೆಂದೂ, ದೀನರಿಗೆ ಅನ್ನ, ರೋಗಿಗಳಿಗೆ ಔಷಧ ದೊರೆಯುತ್ತಿತ್ತೆಂದೂ 1162ರ ಶಾಸನ ವರ್ಣಿಸುತ್ತದೆ. ಕೇದಾರೇಶ್ವರ, ತ್ರಿಪುರಾಂತಕ ದೇವಾಲಯಗಳು, 1047ರ ಗಂಡಭೇರುಂಡ ಕಂಬ ಈಗಲೂ ನಿಂತಿವೆ. ಇಷ್ಟನ್ನೆಲ್ಲ ಕಟ್ಟಲು ಕೆಲಸಗಾರರು ಬೇಕು. ಅವರಿಂದ ಕೆಲಸ ಮಾಡಿಸುವವರೂ ಬೇಕು. ಇಂದಿನ ಮಾತು ಈ ಎರಡನೆಯವರ ವಿಷಯ.

ಬಳ್ಳಿಗಾವಿಯ ಇಬ್ಬರು ಶಿಲ್ಪಿಗಳ ಹೆಸರು ನಮಗೆ ಸಿಗುವುದು ಬಳ್ಳಿಗಾವಿಯಲ್ಲಲ್ಲ, ಸುಮಾರು 200 ಕಿಲೋಮೀಟರ್ ದೂರದ ಬೇಲೂರಿನಲ್ಲಿ. ಹೊಯ್ಸಳ ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ದೇವಾಲಯದ ಮದನಿಕೆಯರ ಪೀಠಗಳಲ್ಲಿ ಶಿಲ್ಪಿಗಳ ಸಹಿಗಳಿವೆ. ಅವುಗಳಲ್ಲಿ ಬಳ್ಳಿಗಾವಿಯ ದಾಸೋಜನದೂ ಅವನ ಮಗ ಚಾವಣನದೂ ಸೇರಿವೆ. ವಿದ್ವಾಂಸರ ಎಣಿಕೆಯಂತೆ ತಂದೆಯ ಹೆಸರಿನಲ್ಲಿ ನಾಲ್ಕು ಮದನಿಕೆಯರಿದ್ದರೆ ಮಗನ ಹೆಸರಿನಲ್ಲಿ ಐದು!

ಈ ಲೆಕ್ಕ ನನ್ನನ್ನು ಬಹಳ ದಿನ ಕಾಡಿದೆ. ಮದನಿಕೆ ಗೋಡೆಯ ಭಾಗವಲ್ಲ. ಅದು ಬೇರೆಯೇ ಒಂದು ಕಲ್ಲು. ಕೆತ್ತಿ ಮುಗಿಸಿ, ಕಂಬದ ತಲೆಗೂ ಸೂರಿಗೂ ನಡುವೆ ಓರೆಯಾಗಿ ನಿಲ್ಲಿಸಬೇಕು. ಬಳಪದ ಕಲ್ಲು ಹೊಸದಾಗಿ ತೆಗೆದಾಗ ಮೆದು, ಗಾಳಿಗೆ ಮೈಯೊಡ್ಡಿದ ಮೇಲೆ ಗಡಸು. ಮೆದುವಾದ್ದರಿಂದಲೇ ಬಳೆ, ಬೆರಳು, ಬಳ್ಳಿಯ ಎಲೆಗಳನ್ನು ಅಷ್ಟು ಸೂಕ್ಷ್ಮವಾಗಿ ಬಿಡಿಸಲು ಸಾಧ್ಯವಾಯಿತು. ಆದರೆ ಉಳಿ ಒಮ್ಮೆ ಜಾರಿ ಬೆರಳು ಮುರಿದರೆ ಮತ್ತೆ ಅಂಟಿಸುವಂತಿಲ್ಲ. ಅಂಥ ಕಲ್ಲನ್ನು ಮಗನ ಕೈಗೆ ಕೊಡುವುದೆಂದರೆ, ಕೊನೆಯ ಪೆಟ್ಟನ್ನು ತಾನೇ ಹಾಕುವ ಆಸೆಯನ್ನು ತಂದೆ ಬಿಡಬೇಕು. ಮುಗಿದ ಮೇಲೆ ಅದರ ಪೀಠದಲ್ಲಿ ಮಗನ ಹೆಸರೇ ಇರುವುದಕ್ಕೂ ಒಪ್ಪಬೇಕು. ಇಡೀ ದೇವಾಲಯಕ್ಕೆ ದಾಸೋಜನೇ ಮುಖ್ಯಸ್ಥನೆಂದು ನಾನು ಹೇಳುತ್ತಿಲ್ಲ. ಗದಗಿನ ನಾಗೋಜನಂಥ ಬೇರೆ ಊರಿನವರೂ ಅಲ್ಲಿ ದುಡಿದಿದ್ದಾರೆ. ತನ್ನ ಕೈಕೆಳಗಿನವನೊಡನೆ ಅವನು ಹೇಗೆ ನಡೆದುಕೊಂಡನೆಂಬುದಕ್ಕೆ ಈ ಸಹಿಗಳೇ ಸಾಕ್ಷಿ ಎನ್ನುತ್ತಿದ್ದೇನೆ, ಅಷ್ಟೆ.

ದಾಸೋಜ, ನಾಗೋಜ, ಮಲ್ಲೋಜ ಎಂಬ ಹೆಸರುಗಳ ಕೊನೆಯ 'ಓಜ' ಎಂದರೆ ಉಪಾಧ್ಯಾಯ. ಇಂದು ಕಟ್ಟಡದ ಕೆಲಸ ಮಾಡಿಸುವವನನ್ನು ನಾವು ಮೇಸ್ತ್ರಿ ಎನ್ನುತ್ತೇವೆ. ಪೋರ್ಚುಗೀಸರಿಂದ ಬಂದ ಈ ಪದಕ್ಕೂ ಮೂಲದಲ್ಲಿ ಗುರು ಎಂಬ ಅರ್ಥವುಂಟು. ಎರಡು ದೂರದ ಭಾಷೆಗಳು ಕೆಲಸ ಮಾಡಿಸುವವನನ್ನೂ ಕಲಿಸುವವನನ್ನೂ ಒಂದೇ ಮಾತಿನಿಂದ ಕರೆದದ್ದು ಸೋಜಿಗವಲ್ಲವೇ?

ಆದರೆ ಜನರಿಗೆ ದಾಸೋಜ ಗೊತ್ತಿಲ್ಲ. ಬೇಲೂರೆಂದರೆ ನೆನಪಾಗುವವನು ಜಕಣಾಚಾರಿ. 1964ರಲ್ಲಿ ಅವನ ಕಥೆ ಕನ್ನಡದ ಮೊದಲ ಪೂರ್ಣ ವರ್ಣಚಿತ್ರವಾಗಿ ತೆರೆಗೂ ಬಂತು. ಕಥೆ ನಿಮಗೆ ತಿಳಿದದ್ದೇ. ಜಕಣ ಕೆತ್ತಿದ ವಿಗ್ರಹದಲ್ಲಿ ದೋಷವಿದೆ ಎಂದು ಅಪರಿಚಿತ ಹುಡುಗನೊಬ್ಬ ಹೇಳುತ್ತಾನೆ. ದೋಷ ತೋರಿಸಿದರೆ ನನ್ನ ಬಲಗೈ ಕತ್ತರಿಸಿಕೊಳ್ಳುವೆ ಎಂದು ಜಕಣ ಪಂಥ ಕಟ್ಟುತ್ತಾನೆ. ಹುಡುಗ ವಾದಕ್ಕೆ ಇಳಿಯುವುದಿಲ್ಲ. ವಿಗ್ರಹಕ್ಕೆಲ್ಲ ಗಂಧ ಬಳಿಯುತ್ತಾನೆ. ಎಲ್ಲ ಕಡೆ ಒಣಗಿದ ಗಂಧ ಹೊಕ್ಕುಳ ಬಳಿ ಒಣಗುವುದಿಲ್ಲ. ಅಲ್ಲಿ ಉಳಿಯಿಟ್ಟಾಗ ನೀರು, ಮರಳು, ಕಪ್ಪೆ! ಆ ಹುಡುಗ ಜಕಣನ ಮಗನೇ ಆದ ಡಂಕಣ. ಬಂಡೆಯೊಳಗೆ ಕಪ್ಪೆ ಬದುಕಿರಲಾರದು ಎಂಬುದು ವಿಜ್ಞಾನ ಓದಿದ ನನಗೆ ಗೊತ್ತು. ಆದರೂ ಗಂಧದ ಪರೀಕ್ಷೆ ನನಗೆ ತುಂಬ ಇಷ್ಟ. ಪ್ರಯೋಗಶಾಲೆಯಲ್ಲಿ ನಮಗೆ ಕಲಿಸಿದ್ದೂ ಇದನ್ನೇ.

ಈ ಐತಿಹ್ಯಕ್ಕೆ ಶಾಸನದ ಆಧಾರವಿಲ್ಲ. ಆದರೆ ಅದರಲ್ಲಿ ನಿಜವಾದ ಒಂದು ಭಯವಿದೆ. ಚಿಕ್ಕವನು ತಪ್ಪು ತೋರಿಸಿದಾಗ ದೊಡ್ಡವನಿಗೆ ಮೊದಲು ನೆನಪಾಗುವುದು ಕಲ್ಲಲ್ಲ, ತನ್ನ ಕೈ, ತನ್ನ ಹೆಸರು.

ನಾನೂ ಇದಕ್ಕೆ ಹೊರತಲ್ಲ. ಕೆಲವು ವರ್ಷಗಳ ಹಿಂದೆ ಬಳ್ಳಿಗಾವಿಯಲ್ಲೇ ಒಂದು ಚಿತ್ರೀಕರಣ. ಸಂಜೆಯ ಬೆಳಕು ಕೈತಪ್ಪಿ ಹೋಗುತ್ತಿತ್ತು. ಧ್ವನಿ ವಿಭಾಗದ ಹೊಸ ಹುಡುಗ ಬಂದು, "ಸಾರ್, ಮಾತಿನ ಜೊತೆ ಗುಂಯ್ ಅಂತ ಏನೋ ಕೇಳಿಸ್ತಿದೆ" ಎಂದ. "ನಿನ್ನ ಕೆಲಸ ನೀನು ನೋಡಿಕೋ" ಎಂದು ಎಲ್ಲರೆದುರಿಗೆ ಗದರಿಸಿದೆ. ಅವನು ನೋಡಿಕೊಂಡದ್ದು ಅವನ ಕೆಲಸವನ್ನೇ ಎಂಬುದು ಆಗ ನನಗೆ ಹೊಳೆಯಲಿಲ್ಲ! ಊರಿಗೆ ಮರಳಿ ಸಂಕಲನಕ್ಕೆ ಕುಳಿತಾಗ ಇಡೀ ಸಂದರ್ಶನ ಹಾಳಾಗಿತ್ತು. ಮತ್ತೆ ಹೋಗಿ ಚಿತ್ರೀಕರಿಸಿದೆವು. ಆ ನಷ್ಟ ಅಲ್ಲಿಗೆ ಮುಗಿಯಿತು. ಆದರೆ ಆ ಹುಡುಗ ಅನಂತರ ನನಗೆ ಯಾವ ತಪ್ಪನ್ನೂ ಹೇಳಲಿಲ್ಲ. ಎರಡು ವರ್ಷ ಜೊತೆಗಿದ್ದ. ಕೇಳಿದ್ದಕ್ಕೆಲ್ಲ "ಸರಿ ಸಾರ್" ಎಂದ. ಅವನ ಕಿವಿ ನನಗಿಂತ ಚುರುಕಾಗಿತ್ತು. ಅದರ ಉಪಯೋಗವನ್ನು ನಾನೇ ಕಳೆದುಕೊಂಡೆ.

ಬಳ್ಳಿಗಾವಿಯಿಂದ ಪಶ್ಚಿಮಕ್ಕೆ ಸೊರಬ. ಅಲ್ಲಿನ ಗುಡಿಗಾರರು ಶ್ರೀಗಂಧದ ಕೆತ್ತನೆಗೂ ಮದುವೆಯ ಬೆಂಡಿನ ಬಾಸಿಂಗಕ್ಕೂ ಹೆಸರಾದವರು. ಅವರ ಮನೆಗಳಲ್ಲೂ ವಿದ್ಯೆ ತಂದೆಯಿಂದ ಮಗನಿಗೆ ಸಾಗಿ ಬಂದಿದೆ. ಗಂಧದ ಪೆಟ್ಟಿಗೆ ಕೊಂಡವರು ಅದರ ತೂಕ ಕೇಳುತ್ತಾರೆ, ಬೆಲೆ ಕೇಳುತ್ತಾರೆ. ಕೆತ್ತಿದವರು ಯಾರೆಂದು ಕೇಳುವವರು ವಿರಳ. ಪಕ್ಕದ ಬಳ್ಳಿಗಾವಿಯ ಚಾವಣನ ಹೆಸರನ್ನಾದರೋ 900 ವರ್ಷಗಳ ಮೇಲೆಯೂ ಓದಬಹುದು.

ಶಾಲೆಯ ಪ್ರವಾಸದಲ್ಲಿ ಬೇಲೂರಿಗೆ ಹೋದಾಗ ನೀವೂ ಎಲ್ಲರಂತೆ ದರ್ಪಣ ಸುಂದರಿಯ ಮುಂದೆ ನಿಲ್ಲುವಿರಿ. ಅವಳ ಮುಖ ನೋಡಿಯಾದ ಮೇಲೆ ಉಳಿದ ಮದನಿಕೆಯರ ಕಾಲಬುಡವನ್ನೂ ನೋಡಿ. ಅಕ್ಷರಗಳು ಚಿಕ್ಕವು, ಹಳೆಗನ್ನಡದವು, ಎತ್ತರದಲ್ಲಿವೆ. ಗೆಳೆಯರಲ್ಲಿ ಯಾರ ಬಳಿಯಾದರೂ ದುರ್ಬೀನು ಇದ್ದರೆ ಮರೆಯದೆ ತರಲು ಹೇಳಿ.