ಸೋಲು-ಗೆಲುವಿನ ತಕ್ಕಡಿ

ಗೆದ್ದ ಪಂದ್ಯಗಳ ಸಂಖ್ಯೆಯನ್ನು ಸೋತವುಗಳ ಸಂಖ್ಯೆಯಿಂದ ಭಾಗಿಸಿದರೆ ಬರುವುದು ತಂಡವೊಂದರ ಗೆಲುವು-ಸೋಲಿನ ಅನುಪಾತ. ಉತ್ತರ ಒಂದಕ್ಕಿಂತ ಹೆಚ್ಚಾದರೆ ಗೆಲುವಿನ ತಟ್ಟೆ ಭಾರ, ಕಡಿಮೆಯಾದರೆ ಸೋಲಿನದು. ಟೆಸ್ಟ್ ಕ್ರಿಕೆಟ್‌ನಲ್ಲಿ ಈ ಒಂದನ್ನು ದಾಟಲು ಭಾರತಕ್ಕೆ 92 ವರ್ಷ ಬೇಕಾಯಿತು.

1932ರಲ್ಲಿ ಲಾರ್ಡ್ಸ್‌ನಲ್ಲಿ ಟೆಸ್ಟ್ ಕಣಕ್ಕಿಳಿದ ಭಾರತ ಮೊದಲ 24 ಪಂದ್ಯಗಳಲ್ಲಿ ಒಂದನ್ನೂ ಗೆಲ್ಲಲಿಲ್ಲ. 12 ಸೋಲು, 12 ಡ್ರಾ. ಅನುಪಾತ ಸೊನ್ನೆ. ಇಪ್ಪತ್ತನಾಲ್ಕನ್ನೂ ಸೋತಿದ್ದರೂ ಸೊನ್ನೆಯೇ! 1946ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಒಂಬತ್ತು ವಿಕೆಟ್ ಉರುಳಿದ ಮೇಲೂ ಸೊಹೋನಿ ಮತ್ತು ಹಿಂಡ್ಲೇಕರ್ ಕಚ್ಚಿಕೊಂಡು ನಿಂತು ಪಂದ್ಯ ಉಳಿಸಿದರು. ಅನುಪಾತದ ಕಣ್ಣಿಗೆ ಇಂಥ ಹೋರಾಟ ಬೀಳುವುದಿಲ್ಲ. ಅದರ ದೊಡ್ಡ ಕೊರತೆಯೇ ಇದು.

1952ರ ಫೆಬ್ರುವರಿಯಲ್ಲಿ ಮದರಾಸಿನ ಚೆಪಾಕ್‌ನಲ್ಲಿ ವಿನೂ ಮಂಕಡ್ 12 ವಿಕೆಟ್ ಕಿತ್ತು ಇಂಗ್ಲೆಂಡನ್ನು ಮಣಿಸಿದಾಗ ಗೆಲುವಿನ ಖಾತೆ ತೆರೆಯಿತು. ಆಗಿನ ಲೆಕ್ಕ ಒಂದಕ್ಕೆ ಹನ್ನೆರಡು. ಅಜ್ಜನ ಕಾಲದ ಸಾಲದಂತೆ ಈ ಬಾಕಿ ತಲೆಮಾರುಗಳ ಮೇಲೆ ಉಳಿಯಿತು. 1971ರಲ್ಲಿ ವೆಸ್ಟ್ ಇಂಡೀಸ್ ಮತ್ತು ಇಂಗ್ಲೆಂಡ್ ನೆಲದಲ್ಲಿ ಸರಣಿ ಗೆದ್ದರೂ ಅದು ತೀರಲಿಲ್ಲ.

ತೀರಿದ್ದು ಅದೇ ಚೆಪಾಕ್‌ನಲ್ಲಿ, 2024ರ ಸೆಪ್ಟೆಂಬರ್ 22ರಂದು. ಬಾಂಗ್ಲಾದೇಶವನ್ನು 280 ರನ್‌ಗಳಿಂದ ಸೋಲಿಸಿದಾಗ 580 ಟೆಸ್ಟ್‌ಗಳಲ್ಲಿ ಭಾರತದ ಗೆಲುವು 179, ಸೋಲು 178. ಉಳಿದ 222 ಡ್ರಾ, ಒಂದು ಟೈ. ಆ ಟೈ ಕೂಡ ಚೆಪಾಕ್‌ನದೇ: ಆಸ್ಟ್ರೇಲಿಯ ವಿರುದ್ಧ, 1986ರ ಸೆಪ್ಟೆಂಬರ್ 22ರಂದೇ ಮುಗಿದದ್ದು. ಕಾಕತಾಳೀಯವೆನ್ನದೆ ಬೇರೆ ದಾರಿಯಿಲ್ಲ.

ಇದೇ ಅಂಕಿಗಳನ್ನು ಶೇಕಡಾವಾರು ನೋಡಿದರೆ ಚಿತ್ರ ಬೇರೆ. ಆಡಿದ ನೂರರಲ್ಲಿ ಗೆದ್ದದ್ದು 31ರಷ್ಟು ಮಾತ್ರ. ಅನುಪಾತ ಡ್ರಾಗಳನ್ನು ಮರೆಯುತ್ತದೆ. ಶೇಕಡಾವಾರು ಲೆಕ್ಕ ಅವನ್ನು ಸೋಲಿನ ಸಾಲಿಗೇ ನೂಕುತ್ತದೆ. ಡ್ರಾ ಅಪರೂಪವಾದ ಆಟಗಳಲ್ಲಿ ಎರಡರಲ್ಲಿ ಯಾವುದನ್ನು ಹಿಡಿದರೂ ನಡೆದೀತು. ಐದು ದಿನದ ಆಟಕ್ಕೆ ಎರಡನ್ನೂ ಜೊತೆಗಿಟ್ಟು ಓದುವುದೇ ನ್ಯಾಯ.

ಬಾಕಿ ತೀರಿಸಿದ ಸಂಭ್ರಮ ಬಹಳ ದಿನ ಬಾಳಲಿಲ್ಲ. ಕಾನ್ಪುರದ ಗೆಲುವಿನಿಂದ ಲೆಕ್ಕ 180ಕ್ಕೆ 178 ಆಯಿತು. ಬಳಿಕ ಬಂದದ್ದು ನ್ಯೂಜಿಲೆಂಡ್. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತ ಮೊದಲ ಇನಿಂಗ್ಸ್‌ನಲ್ಲಿ 46ಕ್ಕೆ ಆಲೌಟಾಗಿ ಪಂದ್ಯ ಕಳೆದುಕೊಂಡಿತು, ಪುಣೆಯಲ್ಲೂ ಸೋತಿತು. ನವೆಂಬರ್ 3ರಂದು ಮುಂಬೈಯಲ್ಲಿ ಮೂರನೆಯ ಪಂದ್ಯ ಮುಗಿದಾಗ ಗೆಲುವು 180, ಸೋಲು 181. ಆರು ವಾರಗಳಲ್ಲಿ ಅನುಪಾತ ಮತ್ತೆ ಒಂದರ ಕೆಳಗೆ ಇಳಿದಿತ್ತು.