ಮ್ಯಾನೇಜರನ ಪೀಠ

1972ರ ಅಕ್ಟೋಬರ್ 15. ಅಮೆರಿಕದ ಸಿನ್ಸಿನಾಟಿ ನಗರದಲ್ಲಿ ಬೇಸ್‌ಬಾಲಿನ ವರ್ಲ್ಡ್ ಸೀರೀಸ್ ನಡೆದಿತ್ತು. ಸಕ್ಕರೆ ಕಾಯಿಲೆಯಿಂದ ದೃಷ್ಟಿ ಕುಂದಿ, ಐವತ್ತಮೂರಕ್ಕೇ ತಲೆ ನರೆತಿದ್ದ ಜಾಕಿ ರಾಬಿನ್ಸನ್ ಮೈದಾನದಲ್ಲಿ ಸನ್ಮಾನಕ್ಕೆ ನಿಂತಿದ್ದ. 1947ರಲ್ಲಿ ಮೇಜರ್ ಲೀಗಿನ ವರ್ಣಗೋಡೆಯನ್ನು ಒಡೆದು ಒಳಹೊಕ್ಕ ಕಪ್ಪು ಜನಾಂಗದ ಆಟಗಾರ ಆತ. ವಂದನೆಯ ನಾಲ್ಕು ಮಾತು ಹೇಳಿ, ತನ್ನ ಜನಾಂಗದವನೊಬ್ಬ ತಂಡವನ್ನು ನಡೆಸುವುದನ್ನು ಕಂಡರೆ ಸಂತೋಷ ಇನ್ನೂ ಹೆಚ್ಚೀತು ಎಂದ. ಒಂಬತ್ತು ದಿನಗಳಲ್ಲಿ ತೀರಿಕೊಂಡ.

ಕ್ರಿಕೆಟ್ಟಿನಲ್ಲಿ ತಂಡವನ್ನು ನಡೆಸುವವನು ಮೈದಾನದಲ್ಲಿರುವ ನಾಯಕ. ಬೇಸ್‌ಬಾಲಿನಲ್ಲಿ ಆ ಅಧಿಕಾರ ಮ್ಯಾನೇಜರನದು. ಯಾರು ಆಡಬೇಕು, ಚೆಂಡೆಸೆಯುವವನನ್ನು ಯಾವಾಗ ಬದಲಿಸಬೇಕು ಎಂಬುದೆಲ್ಲ ಅವನ ತೀರ್ಮಾನ. ವಿಚಿತ್ರವೆಂದರೆ, ತಲೆ ಹಣ್ಣಾದ ಮ್ಯಾನೇಜರನೂ ಆಟಗಾರರ ಸಮವಸ್ತ್ರವನ್ನೇ ತೊಟ್ಟು ಕೂರುತ್ತಾನೆ. ಕಪ್ಪು ಜನರ ತೋಳಿನ ಬಲವನ್ನು ಕಾಲು ಶತಮಾನ ಬಳಸಿಕೊಂಡ ಲೀಗು ಅವರ ಬುದ್ಧಿಯನ್ನು ಮಾತ್ರ ಆ ಪೀಠದ ಹತ್ತಿರಕ್ಕೂ ಬಿಟ್ಟಿರಲಿಲ್ಲ.

ಜಾಕಿಯ ಬಯಕೆಯನ್ನು ನಡೆಸಿಕೊಟ್ಟವನ ಹೆಸರೂ ರಾಬಿನ್ಸನ್ನೇ; ನೆಂಟಸ್ತಿಕೆ ಏನೂ ಇಲ್ಲ. ಫ್ರಾಂಕ್ ರಾಬಿನ್ಸನ್ 1935ರಲ್ಲಿ ಟೆಕ್ಸಾಸಿನಲ್ಲಿ ಹುಟ್ಟಿ, ಕ್ಯಾಲಿಫೋರ್ನಿಯದ ಓಕ್‌ಲೆಂಡಿನಲ್ಲಿ ಬೆಳೆದ. ಸಿನ್ಸಿನಾಟಿ ತಂಡಕ್ಕೆ ಹತ್ತು ವರ್ಷ ಆಡಿದ. 1965ರ ಕೊನೆಯಲ್ಲಿ, ಮೂವತ್ತಕ್ಕೇ ಮುಪ್ಪು ಹಿಡಿಯಿತೆಂಬ ಧಾಟಿಯಲ್ಲಿ ತಂಡದವರು ಅವನನ್ನು ಬಾಲ್ಟಿಮೋರಿಗೆ ದಾಟಿಸಿದರು. ಮರುವರ್ಷವೇ ಆ 'ಮುದುಕ' 49 ಹೋಮ್ ರನ್ ಹೊಡೆದು, ಬ್ಯಾಟಿಂಗಿನ ಮೂರು ಮುಖ್ಯ ಲೆಕ್ಕಗಳಲ್ಲೂ ತನ್ನ ಲೀಗಿಗೆ ಮೊದಲಿಗನಾದ. ಮ್ಯಾನೇಜರನಾಗುವ ಆಸೆ ಹೊತ್ತು, 1968ರಿಂದ ಚಳಿಗಾಲಗಳಲ್ಲಿ ಪೋರ್ಟೊ ರಿಕೊ ದ್ವೀಪದ ತಂಡವೊಂದನ್ನು ನಡೆಸಿ ಪಳಗಿದ. ಬಿಳಿಯ ಆಟಗಾರರೆಷ್ಟೋ ಮಂದಿಗೆ ಇಂಥ ಉಮೇದುವಾರಿಯ ಅಗತ್ಯವೇ ಬಿದ್ದಿರಲಿಲ್ಲ.

1974ರ ಅಕ್ಟೋಬರಿನಲ್ಲಿ ಕ್ಲೀವ್‌ಲೆಂಡ್ ತಂಡ ಅವನನ್ನು ನೇಮಿಸಿತು, ಆಟಗಾರನಾಗಿಯೂ ಮ್ಯಾನೇಜರನಾಗಿಯೂ. 1975ರ ಏಪ್ರಿಲ್ 8ರ ಚಳಿಯಲ್ಲಿ ಐವತ್ತಾರು ಸಾವಿರಕ್ಕೂ ಮಿಕ್ಕಿದ ಜನ ನೆರೆದರು. ಮಂಗಳಾರಂಭದ ಚೆಂಡನ್ನು ಎಸೆದಾಕೆ ಜಾಕಿಯ ಮಡದಿ ರೇಚಲ್. ಎದುರಾಳಿ ನ್ಯೂಯಾರ್ಕ್ ಯಾಂಕೀಸ್. ಆಡುವವರ ಪಟ್ಟಿಯಲ್ಲಿ ಫ್ರಾಂಕ್ ತನ್ನ ಹೆಸರನ್ನೂ ಬರೆದುಕೊಂಡಿದ್ದ. ಮೊದಲ ಸರದಿಯಲ್ಲೇ ಅವನು ಹೊಡೆದ ಚೆಂಡು ಬೇಲಿಯಾಚೆ ಬಿತ್ತು! ಕಾದಂಬರಿಕಾರ ಹೀಗೆ ಬರೆದಿದ್ದರೆ ನಾವು ಅತಿಯಾಯಿತೆನ್ನುತ್ತಿದ್ದೆವು. ಕ್ಲೀವ್‌ಲೆಂಡ್ 5–3ರಿಂದ ಗೆದ್ದಿತು.

ಮುಂದಿನದು ಇಷ್ಟು ಸೊಗಸಾಗಿಲ್ಲ. 1977ರ ಜೂನಿನಲ್ಲಿ ಅವನನ್ನು ತೆಗೆದುಹಾಕಿದರು. 1981ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕರೆಯಿತು. 1984ರಲ್ಲಿ ಅದೂ ಬಿಟ್ಟಿತು. ನನಗೆ ಮುಖ್ಯವಾಗಿ ಕಾಣುವುದು ಇದೇ: ಸೋತು ಹೋದವನನ್ನು ಮತ್ತೆ ಕರೆಯುವ ಔದಾರ್ಯ ಅಲ್ಲಿಯವರೆಗೆ ಬಿಳಿಯರಿಗೆ ಮಾತ್ರ ಸಲ್ಲುತ್ತಿತ್ತು. 1988ರಲ್ಲಿ ಬಾಲ್ಟಿಮೋರ್ ಮೊದಲ ಆರೂ ಪಂದ್ಯ ಸೋತಾಗ ತಂಡ ಅವನ ಕೈಗೆ ಬಂತು. ಅವನ ಕೈಯಲ್ಲೂ ಮತ್ತೆ ಹದಿನೈದು ಸೋತು, ಸೋಲಿನ ಸರಪಳಿ 21ಕ್ಕೆ ಮುಟ್ಟಿತು. ಈ ಬಾರಿ ಯಾರೂ ಅವನನ್ನು ಕಳಿಸಲಿಲ್ಲ. ಮರುವರ್ಷ ಅದೇ ತಂಡ 87 ಪಂದ್ಯ ಗೆದ್ದಿತು. ಲೀಗಿನ ವರ್ಷದ ಮ್ಯಾನೇಜರ್ ಪ್ರಶಸ್ತಿ ಫ್ರಾಂಕನಿಗೆ ಬಂತು.